ಕಪ್ ಗೆದ್ದ ಅಬಟ್ಸ್‌ಫರ್ಡ್ ಕನಕ್ಸ್, 2025ರ ಬೇಸಿಗೆ: ಯಾರು ಹೋದರು, ಯಾರು ಬಂದರು, ಹುಡುಗರ ಪಾಡೇನು?

ಫ್ರೇಸರ್_ತೀರ · ಜುಲೈ 19

ಜೂನ್ 23ರ ರಾತ್ರಿ ಶಾರ್ಲೆಟ್‌ನಲ್ಲಿ ಆರನೇ ಪಂದ್ಯವನ್ನು 3-2ರಲ್ಲಿ ಗೆದ್ದು ಕೆನಡಾದ ನಮ್ಮ ಐಸ್ ಹಾಕಿ ತಂಡ ಅಬಟ್ಸ್‌ಫರ್ಡ್ ಕನಕ್ಸ್ ಮೊದಲ ಸಲ ಕಾಲ್ಡರ್ ಕಪ್, ಅಂದರೆ ಎಎಚ್‌ಎಲ್ ಲೀಗ್‌ನ ಕಪ್, ಎತ್ತಿತು. ಎಎಚ್‌ಎಲ್ ಅಂದರೆ ದೊಡ್ಡ ಲೀಗ್ ಎನ್‌ಎಚ್‌ಎಲ್‌ಗಿಂತ ಒಂದು ಮೆಟ್ಟಿಲು ಕೆಳಗಿನದು, ಅಲ್ಲಿ ನಮ್ಮ ಮೇಲಿನ ತಂಡ ವ್ಯಾಂಕೂವರ್. ಟೂಸಾನ್, ಕೋಚೆಲ್ಲಾ ವ್ಯಾಲಿ, ಕೊಲರಾಡೊ, ಟೆಕ್ಸಸ್, ಕೊನೆಗೆ ಶಾರ್ಲೆಟ್. ಐದು ಸರಣಿ, ಒಟ್ಟು 24 ಪಂದ್ಯ. ಈ ಕಣಿವೆಯಲ್ಲಿ ಇರುವ ನಮಗೆಲ್ಲ ಆ ಎರಡು ತಿಂಗಳು ನಿದ್ದೆ ಸರಿಯಾಗಿ ಆಗಿಲ್ಲ.

ಅದಾಗಿ ಒಂದು ತಿಂಗಳೂ ಕಳೆದಿಲ್ಲ, ತಂಡ ಆಗಲೇ ಚದುರುತ್ತಿದೆ. ಪ್ಲೇಆಫ್‌ನ (ಕಪ್‌ಗಾಗಿ ಕೊನೆಗೆ ನಡೆಯುವ ಸರಣಿಗಳ) ಶ್ರೇಷ್ಠ ಆಟಗಾರ ಅನಿಸಿಕೊಂಡ ಗೋಲಿ, ಅಂದರೆ ಗೋಲು ಕಾಯುವ ಆರ್ಟೂರ್ಸ್ ಶಿಲೋವ್ಸ್ ಜುಲೈ 13ರಂದು ಪಿಟ್ಸ್‌ಬರ್ಗ್‌ಗೆ ಹೋದ. ಬದಲಿಗೆ ಬಂದದ್ದು ಚೇಸ್ ಸ್ಟಿಲ್‌ಮನ್ ಮತ್ತು 2027ರ ಡ್ರಾಫ್ಟ್‌ನ (ತಂಡಗಳು ಸರದಿಯಂತೆ ಹೊಸ ಹುಡುಗರನ್ನು ಆರಿಸುವುದು) ನಾಲ್ಕನೇ ಸುತ್ತಿನ ಒಂದು ಪಿಕ್, ಅಂದರೆ ಆರಿಸುವ ಹಕ್ಕು. ಫಿಲ್ ಡಿ ಜುಸೆಪೆ ವಿನ್ನಿಪೆಗ್ ಸೇರಿದ. ಸ್ಯಾಮಿ ಬ್ಲೇ ಮಾಂಟ್ರಿಯಲ್‌ಗೆ. ಟ್ರಿಸ್ಟನ್ ನೀಲ್ಸನ್ ಕೊಲರಾಡೊಗೆ.

ಬಂದವರು ಮ್ಯಾಕೆಂಜಿ ಮೆಕೆಕ್ರನ್, ಜೋಸೆಫ್ ಲಬೇಟ್, ಡಿಫೆನ್ಸ್‌ನಲ್ಲಿ ಜಿಮ್ಮಿ ಶುಲ್ಟ್. ಮೂವರಿಗೂ ವ್ಯಾಂಕೂವರ್ ಜೊತೆ ಟು-ವೇ ಕಾಂಟ್ರ್ಯಾಕ್ಟ್. ಅಂದರೆ ಮೇಲೆ ಎನ್‌ಎಚ್‌ಎಲ್‌ನಲ್ಲಿ ಆಡಿದರೆ ಒಂದು ಸಂಬಳ, ಕೆಳಗೆ ಎಎಚ್‌ಎಲ್‌ನಲ್ಲಿ ಆಡಿದರೆ ಇನ್ನೊಂದು.

ಎಲ್ಲರೂ ಶಿಲೋವ್ಸ್ ಬಗ್ಗೆಯೇ ಮಾತಾಡುತ್ತಿದ್ದಾರೆ. ಅದು ಸಹಜ. ಆದರೆ ನನಗೆ ಜಾಸ್ತಿ ಚಿಂತೆ ಇರುವುದು ಡಿ ಜುಸೆಪೆ ಮತ್ತು ಬ್ಲೇ ಹೋದದ್ದರ ಬಗ್ಗೆ. ಎಎಚ್‌ಎಲ್ ಇರುವುದೇ ಹುಡುಗರನ್ನು ಬೆಳೆಸುವುದಕ್ಕೆ. 32 ತಂಡ, ಪ್ರತಿಯೊಂದೂ ಒಂದು ಎನ್‌ಎಚ್‌ಎಲ್ ತಂಡದ ಕೈಕೆಳಗೆ. ಹುಡುಗರು ಬೆಳೆಯಬೇಕಾದರೆ ಪಕ್ಕದಲ್ಲಿ ಆಡುವ ಹಿರಿಯ ಸರಿ ಇರಬೇಕು. ಇಪ್ಪತ್ತು ವರ್ಷದ ಹುಡುಗ ಪಕ್ (ಚೆಂಡಿನ ಬದಲಿಗೆ ಇರುವ ಬಿಲ್ಲೆ) ಹಿಡಿದುಕೊಂಡು ಮೂಲೆಗೆ ಹೋದಾಗ, ಮೂರನೆಯವನು ಸರಿಯಾದ ಜಾಗಕ್ಕೆ ಬಂದು ನಿಂತಿರಬೇಕು. ಬ್ಲೇ ಆ ಕೆಲಸ ಮಾಡುತ್ತಿದ್ದ. ಮೈ ಕೊಟ್ಟು ಆಡುತ್ತಿದ್ದ. ಈ ಜಾಗ ಯಾರು ತುಂಬುತ್ತಾರೆ ಅನ್ನುವುದೇ ಈ ಬೇಸಿಗೆಯ ಮುಖ್ಯ ಪ್ರಶ್ನೆ ಅಂತ ನನ್ನ ಅಭಿಪ್ರಾಯ.

ನೀವೆಲ್ಲ ಏನಂತೀರಿ? ಹೊಸಬರು ಇದ್ದರೆ ಸಂಕೋಚ ಬೇಡ, ಏನು ಬೇಕಾದರೂ ಕೇಳಿ.

ಗೋಲ್‌ಪೆಟ್ಟಿಗೆ · ಜುಲೈ 19

ಅಣ್ಣ, ಹಿರಿಯರ ಮಾತು ಆಮೇಲೆ ಆಡೋಣ. ಶಿಲೋವ್ಸ್ ವಿಷಯ ನನಗೆ ಇನ್ನೂ ಜೀರ್ಣ ಆಗಿಲ್ಲ.

2019ರಲ್ಲಿ ಆರನೇ ಸುತ್ತಿನಲ್ಲಿ ಸಿಕ್ಕ ಹುಡುಗ. ರಿಗಾದವನು. 2023ರ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಲಾಟ್ವಿಯಾಕ್ಕೆ ಕಂಚು ತಂದುಕೊಟ್ಟು ಟೂರ್ನಿಯ ಶ್ರೇಷ್ಠ ಆಟಗಾರನಾದ. ಅಷ್ಟು ಚಿಕ್ಕ ದೇಶಕ್ಕೆ ಅದು ಎಷ್ಟು ದೊಡ್ಡದು ಅಂದರೆ, ಮರುದಿನ ಅಲ್ಲಿ ರಜೆಯನ್ನೇ ಘೋಷಿಸಿದರು. 2024ರಲ್ಲಿ ಮುಖ್ಯ ಗೋಲಿ ಡೆಮ್ಕೊ ಗಾಯಗೊಂಡಾಗ ವ್ಯಾಂಕೂವರ್ ಪರವಾಗಿ ಎನ್‌ಎಚ್‌ಎಲ್ ಪ್ಲೇಆಫ್‌ನಲ್ಲೂ ನಿಂತ. ಈ ವರ್ಷ ಕಾಲ್ಡರ್ ಕಪ್. ಇನ್ನೇನು ಬೇಕಿತ್ತು?

ಇಷ್ಟು ವರ್ಷ ಕಾದು ಬೆಳೆಸಿದ ಗೋಲಿಯನ್ನು ನಾಲ್ಕನೇ ಸುತ್ತಿನ ಪಿಕ್‌ಗೆ ಬಿಟ್ಟುಕೊಡುವುದಾ? ಗೋಲಿ ಬೆಳೆಯುವುದು ನಿಧಾನ. ಇಪ್ಪತ್ತನಾಲ್ಕಕ್ಕೆ ಅವನು ಈಗಷ್ಟೇ ಫಲ ಕೊಡುವ ಹೊತ್ತಿಗೆ ಬಂದಿದ್ದ. ಇದು ನನಗೆ ತುಂಬ ಬೇಜಾರಿನ ವಿಷಯ.

ಪೆನ್ಸಿಲ್ವೇನಿಯಾ_ಗೌಡ · ಜುಲೈ 19

ನಾನು ಪಿಟ್ಸ್‌ಬರ್ಗ್ ಕಡೆಯವನು, ಪೆಂಗ್ವಿನ್ಸ್ ಅಭಿಮಾನಿ. ನಮ್ಮ ಕಡೆಯಿಂದ ನೋಡಿದರೆ ಈ ಟ್ರೇಡ್ ಹೇಗೆ ಕಾಣುತ್ತದೆ ಅಂತ ಹೇಳುತ್ತೇನೆ.

ನಮ್ಮಲ್ಲಿ ಗೋಲಿಯ ಜಾಗ ಖಾಲಿಯಾಗಿತ್ತು. ಟ್ರಿಸ್ಟನ್ ಜ್ಯಾರಿ ಜನವರಿಯಲ್ಲಿ ಎಷ್ಟು ಕೆಟ್ಟದಾಗಿ ಆಡುತ್ತಿದ್ದ ಅಂದರೆ ವೇವರ್ಸ್‌ಗೆ ಹಾಕಿದರು, ಆ ಸಂಬಳಕ್ಕೆ ಹೆದರಿ ಯಾರೂ ಮುಟ್ಟಲಿಲ್ಲ. ಜುಲೈ 1ರಂದು ನೆಡೆಲ್ಕೊವಿಚ್‌ನನ್ನು ಸ್ಯಾನ್ ಹೊಸೆಗೆ ಕಳಿಸಿದರು. ಉಳಿದವರು ಬ್ಲಾಂಕ್ವಿಸ್ಟ್ ಮತ್ತು ಮುರಾಶೊವ್. ಇಬ್ಬರೂ ಎಳೆಯರು. ಇಬ್ಬರಿಗೂ ನಮ್ಮ ಎಎಚ್‌ಎಲ್ ತಂಡ ಇರುವ ವಿಲ್ಕ್ಸ್-ಬ್ಯಾರಿಯಲ್ಲಿ ದಿನಾ ಆಡುವುದು ಒಳ್ಳೆಯದು. ಹಾಗಾಗಿ ಮೇಲೆ ಜ್ಯಾರಿ ಜೊತೆ ನಿಲ್ಲುವುದಕ್ಕೆ ಒಬ್ಬ ಬೇಕೇ ಬೇಕಿತ್ತು. ಶಿಲೋವ್ಸ್‌ಗೆ ಇಲ್ಲಿ ಆಟ ಸಿಗುತ್ತದೆ. ವ್ಯಾಂಕೂವರ್‌ನಲ್ಲಿ ಸಿಗುತ್ತಿರಲಿಲ್ಲ.

ಸ್ಟಿಲ್‌ಮನ್ ಬಗ್ಗೆ ಎರಡು ಮಾತು. 2021ರಲ್ಲಿ ನ್ಯೂಜೆರ್ಸಿ ಅವನನ್ನು ಮೊದಲ ಸುತ್ತಿನಲ್ಲಿ, 29ನೆಯವನಾಗಿ ಆರಿಸಿತ್ತು. ಬಲಗಡೆಯ ವಿಂಗರ್. ಅಪ್ಪ ಕೋರಿ ಸ್ಟಿಲ್‌ಮನ್ ಎರಡು ಸ್ಟಾನ್ಲಿ ಕಪ್ ಗೆದ್ದವರು, 2004ರಲ್ಲಿ ಟ್ಯಾಂಪಾ, 2006ರಲ್ಲಿ ಕ್ಯಾರೊಲೈನಾ. ಅಣ್ಣ ರೈಲಿ ನಿಮ್ಮ ವ್ಯಾಂಕೂವರ್‌ನಲ್ಲೇ ಆಡಿದ್ದ. ಓಡುತ್ತಾನೆ, ಗುದ್ದುತ್ತಾನೆ. ಗೋಲು ಮಾತ್ರ ಮೊದಲ ಸುತ್ತಿನ ಹುಡುಗನಿಂದ ನಿರೀಕ್ಷಿಸಿದಷ್ಟು ಬಂದಿಲ್ಲ. ಎಎಚ್‌ಎಲ್‌ನ ಮೂರನೇ ಸಾಲಿನಲ್ಲಿ (ಸಾಲು ಅಂದರೆ ಒಟ್ಟಿಗೆ ಮಂಜಿಗಿಳಿಯುವ ಮೂವರು ಫಾರ್ವರ್ಡ್‌ಗಳು) ಇಟ್ಟುಕೊಂಡರೆ ಕೆಲಸಕ್ಕೆ ಬರುತ್ತಾನೆ.

ಹೊಸ_ಪ್ರೇಕ್ಷಕ_ಬೆಂಗಳೂರು · ಜುಲೈ 20

ನಮಸ್ಕಾರ. ಕಸಿನ್ ಮನೆಗೆ, ವ್ಯಾಂಕೂವರ್ ಪಕ್ಕದ ಸರ್ರೆಗೆ ಹೋಗಿದ್ದಾಗ ಫೈನಲ್ ನೋಡಿ ಈ ಆಟ ಹಿಡಿಸಿತು. ಒಂದು ಪ್ರಶ್ನೆ. ಈ ವೇವರ್ಸ್ ಅಂದರೆ ಏನು? ಒಳ್ಳೆಯ ಗೋಲಿ ಇದ್ದರೆ ಇನ್ನೊಂದು ವರ್ಷ ಅಬಟ್ಸ್‌ಫರ್ಡ್‌ನಲ್ಲೇ ಆಡಿಸಬಹುದಿತ್ತು ಅಲ್ವಾ? ಯಾಕೆ ಮಾರಬೇಕು?

ನೀಲಿಗೆರೆ · ಜುಲೈ 20

ಒಳ್ಳೆಯ ಪ್ರಶ್ನೆ. ಈ ಬೇಸಿಗೆಯ ಅರ್ಧ ಉತ್ತರ ಇದರಲ್ಲೇ ಇದೆ. ಸ್ವಲ್ಪ ಉದ್ದ ಬರೆಯುತ್ತೇನೆ.

ಹುಡುಗ ಮೊದಲ ಕಾಂಟ್ರ್ಯಾಕ್ಟ್‌ಗೆ ಸಹಿ ಹಾಕಿದ ಮೇಲೆ ಕೆಲವು ವರ್ಷ, ಅಥವಾ ಎನ್‌ಎಚ್‌ಎಲ್‌ನಲ್ಲಿ ಇಷ್ಟು ಪಂದ್ಯ ಆಡುವ ತನಕ, ಅವನನ್ನು ಮೇಲೆ ಕೆಳಗೆ ಎಷ್ಟು ಸಲ ಬೇಕಾದರೂ ಓಡಾಡಿಸಬಹುದು. ಯಾರೂ ಕೇಳುವುದಿಲ್ಲ. ಆ ಅವಧಿ ಮುಗಿದ ಮೇಲೆ ಅವನನ್ನು ಎಎಚ್‌ಎಲ್‌ಗೆ ಕಳಿಸಬೇಕಾದರೆ ಮೊದಲು 24 ಗಂಟೆ ವೇವರ್ಸ್ ಪಟ್ಟಿಗೆ ಹಾಕಬೇಕು. ಆ 24 ಗಂಟೆಯಲ್ಲಿ ಉಳಿದ 31 ತಂಡಗಳಲ್ಲಿ ಯಾರು ಬೇಕಾದರೂ "ನಮಗೆ ಕೊಡಿ" ಅನ್ನಬಹುದು. ಸುಮ್ನೆ ಹೋಗುತ್ತಾನೆ, ಬದಲಿಗೆ ಒಂದು ಪಿಕ್ ಕೂಡ ಸಿಗುವುದಿಲ್ಲ. ಇಬ್ಬರು ಮೂವರು ಕೇಳಿದರೆ ಪಟ್ಟಿಯಲ್ಲಿ ಅತಿ ಕೆಳಗಿರುವ ತಂಡಕ್ಕೆ. ನವೆಂಬರ್ 1ರ ತನಕ ಹಿಂದಿನ ಸೀಸನ್‌ನ ಪಟ್ಟಿಯನ್ನೇ ನೋಡುತ್ತಾರೆ. ಅಂದರೆ ಈ ಅಕ್ಟೋಬರ್‌ನಲ್ಲಿ ಮೊದಲ ಅವಕಾಶ ಸ್ಯಾನ್ ಹೊಸೆಗೆ.

ಶಿಲೋವ್ಸ್‌ನ ಆ ಅವಧಿ ಈ ಬೇಸಿಗೆಗೆ ಮುಗಿಯಿತು. ಅಬಟ್ಸ್‌ಫರ್ಡ್‌ನಲ್ಲಿ ಇನ್ನೊಂದು ವರ್ಷ ಅನ್ನುವ ದಾರಿಯೇ ಇರಲಿಲ್ಲ. ಕಾಲ್ಡರ್ ಕಪ್ ಗೆದ್ದು ಬಂದ ಗೋಲಿಯನ್ನು ವೇವರ್ಸ್‌ಗೆ ಹಾಕಿದರೆ ಯಾರಾದರೂ ಬಿಡುತ್ತಾರಾ? ಮೇಲೆ ಇಟ್ಟುಕೊಳ್ಳೋಣ ಅಂದರೆ ಅಲ್ಲೂ ಜಾಗ ಇಲ್ಲ. ಇನ್ನೊಬ್ಬ ಗೋಲಿ ಲಂಕಿನೆನ್‌ಗೆ ಫೆಬ್ರವರಿಯಲ್ಲಿ ಐದು ವರ್ಷ, ವರ್ಷಕ್ಕೆ 45 ಲಕ್ಷ ಡಾಲರ್. ಡೆಮ್ಕೊಗೆ ಜುಲೈ 1ರಂದು ಮೂರು ವರ್ಷದ ಹೊಸ ಕಾಂಟ್ರ್ಯಾಕ್ಟ್, ವರ್ಷಕ್ಕೆ 85 ಲಕ್ಷ. ಆ ಎರಡನೇ ಸಹಿ ಬಿದ್ದ ದಿನವೇ ಶಿಲೋವ್ಸ್ ಕಥೆ ಮುಗಿದಿತ್ತು. ಉಳಿದದ್ದು ಯಾವ ಊರಿಗೆ ಅನ್ನುವುದು ಮಾತ್ರ.

ನಾಲ್ಕನೇ ಸುತ್ತಿನ ಪಿಕ್ ಕಡಿಮೆಯೇ. ಒಪ್ಪುತ್ತೇನೆ. ಆದರೆ ಎದುರಿನ ತಂಡಕ್ಕೂ ಇದೇ ಲೆಕ್ಕ ಗೊತ್ತಿರುತ್ತದೆ. ಸೆಪ್ಟೆಂಬರ್ ತನಕ ಕಾದರೆ ಸುಮ್ನೆ ಸಿಗಬಹುದಾದ ಆಟಗಾರನಿಗೆ ಅವರು ಜಾಸ್ತಿ ಬೆಲೆ ಯಾಕೆ ಕೊಡುತ್ತಾರೆ?

ಗೋಲ್‌ಪೆಟ್ಟಿಗೆ · ಜುಲೈ 20

ನಿಯಮ ಗೊತ್ತು ಸರ್. ಆದರೂ ಎಎಚ್‌ಎಲ್‌ನ ಹರ್ಷಿ ತಂಡದ ಉದಾಹರಣೆ ನೋಡಿ. 2023ರಲ್ಲಿ ಹಂಟರ್ ಶೆಪರ್ಡ್ ಪ್ಲೇಆಫ್‌ನ ಶ್ರೇಷ್ಠ ಆಟಗಾರನಾದ, ಮರುವರ್ಷ ಮತ್ತೆ ಅದೇ ಹರ್ಷಿ ಬೇರ್ಸ್‌ಗೆ ನಿಂತು 2024ರ ಕಪ್ ಕೂಡ ಗೆದ್ದ. ಎರಡು ಸಲವೂ ಫೈನಲ್‌ನಲ್ಲಿ ಸೋತದ್ದು ಕೋಚೆಲ್ಲಾ ವ್ಯಾಲಿ. ಗೆದ್ದ ತಂಡವನ್ನು ಒಟ್ಟಿಗೆ ಇಟ್ಟುಕೊಳ್ಳಲು ಆಗುತ್ತದೆ ಅನ್ನುವುದಕ್ಕೆ ಇದಕ್ಕಿಂತ ಪುರಾವೆ ಬೇಕಾ?

ಸರಿ, ಮುಂದಿನದ್ದು ನೋಡೋಣ. ಈಗ ಗೋಲು ಕಾಯಬೇಕಾದವನು ನಿಕಿತಾ ತೊಲೊಪಿಲೊ. ಬೆಲಾರೂಸ್‌ನವನು, ಆರೂವರೆ ಅಡಿ ಎತ್ತರ. ನಾನು ಅವನನ್ನು ಬಲೆಯ ಹಿಂದಿನ ಸೀಟಿನಿಂದ ಗಮನವಿಟ್ಟು ನೋಡಿದ್ದೇನೆ. ಅಷ್ಟು ಎತ್ತರದ ಗೋಲಿಗಳಿಗೆ ಒಂದು ಕಷ್ಟ ಇರುತ್ತದೆ. ಮಂಡಿ ಊರಿ ಕೂತಾಗ ಮೇಲಿನ ಮೂಲೆಗಳು ತಾವಾಗಿಯೇ ಮುಚ್ಚಿಕೊಳ್ಳುತ್ತವೆ, ಆದರೆ ಪಕ್ ಆ ಬದಿಯಿಂದ ಈ ಬದಿಗೆ ಪಾಸ್ ಆದಾಗ ಅಷ್ಟು ಉದ್ದದ ಕಾಲು ತಿರುಗಿಸಿ ಕಂಬಕ್ಕೆ ಪಾದ ಒತ್ತುವುದಕ್ಕೆ ಹೊತ್ತು ಬೇಕು. ತೊಲೊಪಿಲೊ ಅಲ್ಲಿ ಅವಸರ ಮಾಡುವುದಿಲ್ಲ. ಮೊದಲು ಕಣ್ಣು ತಿರುಗುತ್ತದೆ, ಆಮೇಲೆ ಸ್ಕೇಟ್, ಆಮೇಲೆ ಮೈ. ಅದಕ್ಕೇ ನನಗೆ ಅವನ ಮೇಲೆ ಭರವಸೆ.

ಅವನ ಹಿಂದೆ ಯಿರಿ ಪಟೇರಾ ಇದ್ದಾನೆ. ಟೈ ಯಂಗ್ ಕಳೆದ ಸೀಸನ್ ಜಾಸ್ತಿ ಕಳೆದದ್ದು ಇನ್ನೊಂದು ಮೆಟ್ಟಿಲು ಕೆಳಗೆ, ಇಸಿಎಚ್‌ಎಲ್‌ನ ಕ್ಯಾಲಮಜೂ ವಿಂಗ್ಸ್‌ನಲ್ಲಿ. ಈ ಜೂನ್ ಡ್ರಾಫ್ಟ್‌ನಲ್ಲಿ ಎರಡನೇ ಸುತ್ತಿನಲ್ಲಿ ಆರಿಸಿದ ಅಲೆಕ್ಸೆ ಮೆಡ್ವೆಡೆವ್ ಲಂಡನ್ ನೈಟ್ಸ್ ಹುಡುಗ, ಅವನು ಬರಲು ಇನ್ನೂ ವರ್ಷಗಳು ಬೇಕು.

ಫ್ರೇಸರ್_ತೀರ · ಜುಲೈ 20

ಹರ್ಷಿ ಮಾತು ಎತ್ತಿದಿರಿ, ಒಳ್ಳೆಯದಾಯಿತು. ನಾನು ಹೇಳಬೇಕೆಂದಿದ್ದದ್ದೂ ಅದೇ. ಹರ್ಷಿ ಗೆದ್ದದ್ದು ಗೋಲಿ ಒಬ್ಬನಿಂದಲ್ಲ. 2023ರ ಏಳನೇ ಪಂದ್ಯದ ಓವರ್‌ಟೈಮ್ ಗೋಲು ಯಾರದ್ದು? ಮೈಕ್ ವೆಕಿಯೋನೆ. ಮೂವತ್ತು ದಾಟಿದ ಎಎಚ್‌ಎಲ್ ಹಿರಿಯ. ಅಂಥವರನ್ನು ಅವರು ಉಳಿಸಿಕೊಂಡರು.

ಇಲ್ಲಿ ಒಂದು ನಿಯಮ ಹೊಸಬರಿಗೆ ಗೊತ್ತಿರಲಿ. ಎಎಚ್‌ಎಲ್ ಪಂದ್ಯಕ್ಕೆ ಗೋಲಿಗಳನ್ನು ಬಿಟ್ಟು 18 ಮಂದಿ ಇಳಿಯುತ್ತಾರೆ. ಅದರಲ್ಲಿ 13 ಮಂದಿ ಬೆಳೆಯುತ್ತಿರುವ ಆಟಗಾರರೇ ಆಗಿರಬೇಕು. ಆ 13ರಲ್ಲಿ 12 ಮಂದಿ ವೃತ್ತಿಪರವಾಗಿ 260 ಪಂದ್ಯ ಮೀರಿರಬಾರದು, ಇನ್ನೊಬ್ಬ 320 ಮೀರಿರಬಾರದು. ಹಾಗಾದರೆ ಪೂರ್ತಿ ಅನುಭವಸ್ಥರಿಗೆ ಸಿಗುವುದು ಐದೇ ಜಾಗ. ಐದೇ! ಆ ಐದು ಜಾಗಕ್ಕೆ ಯಾರನ್ನು ತರುತ್ತೀರಿ ಅನ್ನುವುದರ ಮೇಲೆ ಉಳಿದ ಹದಿಮೂರು ಹುಡುಗರ ವರ್ಷ ನಿಂತಿರುತ್ತದೆ. ಅದಕ್ಕೇ ಜನರಲ್ ಮ್ಯಾನೇಜರ್ ರಯಾನ್ ಜಾನ್ಸನ್ ಜುಲೈ ತಿಂಗಳಲ್ಲಿ ಮಾಡುವ ಈ ಸಣ್ಣ ಸಹಿಗಳನ್ನು ನಾನು ಅಷ್ಟು ಗಮನವಿಟ್ಟು ನೋಡುವುದು. ಪೇಪರ್‌ನಲ್ಲಿ ಇವುಗಳಿಗೆ ಒಂದು ಸಾಲೂ ಸಿಗುವುದಿಲ್ಲ.

ಲಬೇಟ್ ನನಗೆ ಇಷ್ಟವಾದ ಆಯ್ಕೆ. 2011ರಲ್ಲಿ ವ್ಯಾಂಕೂವರೇ ಡ್ರಾಫ್ಟ್ ಮಾಡಿದ್ದ ಹುಡುಗ, ಆಗ ವ್ಯಾಂಕೂವರ್‌ನ ಎಎಚ್‌ಎಲ್ ತಂಡವಾಗಿದ್ದ ಯುಟಿಕಾದಲ್ಲಿ ಆಡಿ, ಊರೂರು ಸುತ್ತಿ ಮತ್ತೆ ಇಲ್ಲಿಗೇ ಬಂದಿದ್ದಾನೆ. ದೊಡ್ಡ ಮೈ, ಎದುರಾಳಿಗಳು ನಮ್ಮ ಹುಡುಗರನ್ನು ಮುಟ್ಟಲು ಯೋಚಿಸುತ್ತಾರೆ. ಮೆಕೆಕ್ರನ್ ವೇಗ ಇರುವವನು, ಪೆನಾಲ್ಟಿ ಕಿಲ್‌ಗೆ (ನಮ್ಮವನೊಬ್ಬ ಶಿಕ್ಷೆಗೆ ಹೊರಗೆ ಕೂತಾಗ ಗೋಲು ತಡೆಯುವುದಕ್ಕೆ) ಸೈ. ಆದರೆ ಬ್ಲೇ ಥರ ಗೋಲಿನ ಮುಂದೆ ನಿಂತು ಪೆಟ್ಟು ತಿಂದು ಗೋಲು ಹೊಡೆಯುವವನು ಇವರಲ್ಲಿ ಯಾರು? ಇನ್ನೂ ಒಂದು ಸಹಿ ಬೇಕು ಅಂತ ನನಗೆ ಬಲವಾಗಿ ಅನಿಸುತ್ತದೆ.

ಕೊಡಗಿನ_ಕೋಲು · ಜುಲೈ 21

ನಾನು ಹುಲ್ಲಿನ ಹಾಕಿಯವನು. ನಮ್ಮ ಕಡೆ ಪ್ರತಿ ಬೇಸಿಗೆ ಕೊಡವ ಕುಟುಂಬಗಳ ಹಾಕಿ ಹಬ್ಬ ನಡೆಯುತ್ತದೆ, 1997ರಿಂದ. ಐಸ್ ಹಾಕಿ ನೋಡಲು ಶುರು ಮಾಡಿದ್ದು ಅರ್ಷ್‌ದೀಪ್ ಬೈನ್ಸ್‌ನಿಂದ.

ಅವನ ಬಗ್ಗೆ ಯಾರೂ ಬರೆದಿಲ್ಲವಲ್ಲ? ಸರ್ರೆಯ ಪಂಜಾಬಿ ಮನೆಯ ಹುಡುಗ. ಯಾವ ತಂಡವೂ ಡ್ರಾಫ್ಟ್ ಮಾಡಲಿಲ್ಲ. 2021-22ರಲ್ಲಿ ರೆಡ್ ಡೀರ್ ರೆಬೆಲ್ಸ್ ಪರ 112 ಪಾಯಿಂಟ್ (ಗೋಲು ಮತ್ತು ಗೋಲಿಗೆ ಕೊಟ್ಟ ಪಾಸ್ ಸೇರಿ) ಗಳಿಸಿ ಇಡೀ ಡಬ್ಲ್ಯುಎಚ್‌ಎಲ್ ಜೂನಿಯರ್ ಲೀಗ್‌ನಲ್ಲಿ ಮೊದಲಿಗನಾದ. ಅದೇ ಸೀಸನ್‌ನಲ್ಲಿ ವ್ಯಾಂಕೂವರ್ ಕರೆದು ಸಹಿ ಹಾಕಿಸಿತು. 2024ರ ಎಎಚ್‌ಎಲ್ ಆಲ್-ಸ್ಟಾರ್ ಪಂದ್ಯದ ಶ್ರೇಷ್ಠ ಆಟಗಾರ. ಅದೇ ಫೆಬ್ರವರಿಯಲ್ಲಿ ಎನ್‌ಎಚ್‌ಎಲ್‌ನಲ್ಲಿ ಮೊದಲ ಪಂದ್ಯ.

ನನಗೆ ಅವನಲ್ಲಿ ಕಾಣುವುದು ಕೈಯ ಮೃದುತನ. ಬೋರ್ಡ್ ಪಕ್ಕ ಇಬ್ಬರು ಒತ್ತಿ ಹಿಡಿದಿದ್ದರೂ ಪಕ್ಕನ್ನು ಕಾಲಿನಿಂದ ಕೋಲಿಗೆ ತಂದುಕೊಂಡು, ತಲೆ ಎತ್ತಿ ಪಾಸ್ ಕೊಡುತ್ತಾನೆ. ತಲೆ ಎತ್ತುವುದೇ ಕಷ್ಟದ ಕೆಲಸ, ಯಾವ ಹಾಕಿಯಲ್ಲಾದರೂ. ಎನ್‌ಎಚ್‌ಎಲ್‌ನಲ್ಲಿ ಅವನು ಯಾಕೆ ಇನ್ನೂ ಗಟ್ಟಿಯಾಗಿ ನಿಂತಿಲ್ಲ? ತಿಳಿದವರು ಹೇಳಿ.

ನೀಲಿಗೆರೆ · ಜುಲೈ 21

ಕೋಲು ಸರ್, ಇದು ಜಾಗದ ಪ್ರಶ್ನೆ. ಎಎಚ್‌ಎಲ್‌ನಲ್ಲಿ ಬೈನ್ಸ್ ಮೊದಲ ಎರಡು ಸಾಲಿನಲ್ಲಿ ಆಡುತ್ತಾನೆ, ಪವರ್ ಪ್ಲೇ (ಎದುರಾಳಿಗಳಲ್ಲಿ ಒಬ್ಬ ಶಿಕ್ಷೆಗೆ ಹೊರಗಿರುವ ಹೊತ್ತು) ಸಿಗುತ್ತದೆ, ಪಕ್ ಅವನ ಹತ್ತಿರ ಇರುತ್ತದೆ. ಮೇಲೆ ಹೋದರೆ ನಾಲ್ಕನೇ ಸಾಲು, ರಾತ್ರಿಗೆ ಎಂಟೊಂಬತ್ತು ನಿಮಿಷ. ಅಲ್ಲಿ ಕೇಳುವ ಕೆಲಸವೇ ಬೇರೆ. ಓಡಿ ಒತ್ತಡ ಹಾಕು, ಪಕ್ ಆಚೆ ಕಳಿಸು, ಶಾಟ್‌ಗೆ ಅಡ್ಡ ನಿಲ್ಲು. ಎರಡು ಗೋಲು ತಿಂದರೆ ಮಾರನೇ ದಿನ ಕೆಳಗೆ.

ಆದರೆ ಈ ಬೇಸಿಗೆ ಅವನಿಗೆ ಬಾಗಿಲು ತೆರೆದಿದೆ. ಪಿಯಸ್ ಸೂಟರ್ ಸೇಂಟ್ ಲೂಯಿಸ್‌ಗೆ ಹೋದ. ಮೊನ್ನೆ ಜುಲೈ 17ಕ್ಕೆ ಡಕೋಟಾ ಜೋಶುವಾನನ್ನು ಟೊರಾಂಟೊಗೆ ಕೊಟ್ಟರು, 2028ರ ನಾಲ್ಕನೇ ಸುತ್ತಿನ ಪಿಕ್‌ಗೆ. ಎವಾಂಡರ್ ಕೇನ್ ಬಂದಿದ್ದಾನೆ, ಸರಿ. ಆದರೂ ಕೆಳಗಿನ ಎರಡು ಸಾಲಿನಲ್ಲಿ ಜಾಗ ಇದೆ. ಅದಕ್ಕೆ ನುಗ್ಗುವವರೆಲ್ಲ ಕಪ್ ಗೆದ್ದ ಹುಡುಗರೇ. ಲಿನಸ್ ಕಾರ್ಲ್‌ಸನ್, ಆಟು ರಾಟಿ, ಮ್ಯಾಕ್ಸ್ ಸ್ಯಾಸನ್, ಬೈನ್ಸ್, ಜೊತೆಗೆ ಲೆಕ್ಕೆರಿಮಾಕಿ.

ಕಾರ್ಲ್‌ಸನ್ ಅಂತೂ ಪ್ಲೇಆಫ್‌ನಲ್ಲಿ 14 ಗೋಲು ಹೊಡೆದ. ಕೆಳಗೆ ಅವನು ಕಲಿಯುವುದು ಇನ್ನೇನೂ ಉಳಿದಿಲ್ಲ. ಅವನು ವ್ಯಾಂಕೂವರ್‌ಗೆ ಬಂದದ್ದು 2019ರಲ್ಲಿ ಯೋನಾಥನ್ ದಾಲೆನ್‌ನನ್ನು ಸ್ಯಾನ್ ಹೊಸೆಗೆ ಕೊಟ್ಟಾಗ. ಆವತ್ತು ಜನ ಈ ಟ್ರೇಡ್ ನೋಡಿ ಸಿಟ್ಟಾಗಿದ್ದರು. ಆರು ವರ್ಷದ ಮೇಲೆ ಈಗ ಫಲ ಕಾಣುತ್ತಿದೆ. ಸ್ಟಿಲ್‌ಮನ್ ಬಗ್ಗೆ ಇವತ್ತೇ ತೀರ್ಪು ಕೊಡಬೇಡಿ ಅಂತ ನಾನು ಹೇಳುವುದು ಇದಕ್ಕೇ.

ಇನ್ನೊಂದು ಮುಖ್ಯ ವಿಷಯ. ಕಾರ್ಲ್‌ಸನ್, ರಾಟಿ, ಬೈನ್ಸ್, ಈ ಮೂವರಿಗೂ ಈ ಸಲ ವೇವರ್ಸ್ ಬೇಕು. ಶಿಲೋವ್ಸ್‌ಗೆ ಬಂದ ಸ್ಥಿತಿಯೇ ಇವರಿಗೂ ಬರಬಹುದು.

ಬರ್ನಬಿ_ತಾಯಿ · ಜುಲೈ 22

ನನ್ನ ಮಗ ಇಲ್ಲಿ ಮಕ್ಕಳ ಹಾಕಿ ಆಡುತ್ತಾನೆ. ಅದಕ್ಕೆ ನಾನು ಈ ವಿಷಯವನ್ನು ಇನ್ನೊಂದು ಕಡೆಯಿಂದ ನೋಡುತ್ತೇನೆ.

ಬೆಂಚಿನ ಹಿಂದೆ ಮ್ಯಾನಿ ಮಲ್ಹೋತ್ರಾ ಅವರು ನಿಂತಿದ್ದು, ಬೋರ್ಡ್ ದಾಟಿ ಬೈನ್ಸ್ ಮಂಜಿಗೆ ಇಳಿಯುವುದನ್ನು ನೋಡಿದಾಗ ನಮ್ಮ ಮಕ್ಕಳ ಮುಖ ನೋಡಬೇಕು. ಮಲ್ಹೋತ್ರಾ ಅವರ ತಂದೆ ಭಾರತೀಯ ಮೂಲದವರು, ತಾಯಿ ಕ್ವಿಬೆಕ್ ಕಡೆಯ ಫ್ರೆಂಚ್ ಕೆನಡಿಯನ್. 1998ರಲ್ಲಿ ಏಳನೆಯವರಾಗಿ ನ್ಯೂಯಾರ್ಕ್ ರೇಂಜರ್ಸ್ ಆರಿಸಿತ್ತು. 2011ರ ಮಾರ್ಚ್‌ನಲ್ಲಿ ಕಣ್ಣಿಗೆ ಪಕ್ ಬಡಿದು ದೃಷ್ಟಿಗೇ ಕುತ್ತು ಬಂದಿತ್ತು. ಅದೇ ಜೂನ್‌ನಲ್ಲಿ ಸ್ಟಾನ್ಲಿ ಕಪ್ ಫೈನಲ್‌ಗೆ ವಾಪಸ್ ಬಂದು ಆಡಿದರು. ಈಗ ಕೋಚ್ ಆಗಿ ಮೊದಲ ವರ್ಷವೇ ಕಪ್. ಟಾಕೆಟ್ ಬಿಟ್ಟು ಹೋದಾಗ ವ್ಯಾಂಕೂವರ್‌ನ ಕೋಚ್ ಹುದ್ದೆಗೆ ಇವರ ಹೆಸರೂ ಕೇಳಿಬಂತು, ಕೊನೆಗೆ ಆಡಮ್ ಫುಟ್ ಅವರಿಗೆ ಸಿಕ್ಕಿತು. ನಮಗೆ ಲಾಭ. ಈ ಬೇಸಿಗೆಯಲ್ಲಿ ಅಬಟ್ಸ್‌ಫರ್ಡ್ ಉಳಿಸಿಕೊಂಡ ದೊಡ್ಡ ಆಸ್ತಿ ಅವರೇ ಅಂತ ನನ್ನ ಅನಿಸಿಕೆ. ಆಟಗಾರರಾಗಿದ್ದಾಗ ಫೇಸ್‌ಆಫ್‌ನಲ್ಲಿ (ಇಬ್ಬರ ನಡುವೆ ಪಕ್ ಬಿಟ್ಟು ಆಟ ಶುರುಮಾಡುವಾಗ) ಅವರನ್ನು ಮೀರಿಸುವವರು ಕಡಿಮೆ. ರಾಟಿ ಈಗ ಪಕ್ ಬೀಳುವ ಮೊದಲೇ ಕೋಲಿನ ಕೆಳಗೆ ಕೈ ಇಳಿಸಿ, ಭುಜ ಒಳಗೆ ತಂದು ನಿಲ್ಲುವುದನ್ನು ನೋಡಿ. ಅದು ಯಾರ ಪಾಠ ಅಂತ ಹೇಳಬೇಕಾಗಿಲ್ಲ.

ಇನ್ನು ತಾಯಂದಿರು ಈಗ ಮಾತಾಡುತ್ತಿರುವುದು ಬೇರೆ. ಮೊದಲೆಲ್ಲ ಹುಡುಗ ಕೆನಡಾದ ಮೇಜರ್ ಜೂನಿಯರ್ (ಡಬ್ಲ್ಯುಎಚ್‌ಎಲ್ ಥರದ ಲೀಗ್) ಸೇರಿದರೆ ಅಮೆರಿಕದ ಕಾಲೇಜು ಹಾಕಿಯ ಬಾಗಿಲು ಮುಚ್ಚಿಹೋಗುತ್ತಿತ್ತು. ಹದಿನಾರಕ್ಕೇ ತೀರ್ಮಾನ ಮಾಡಬೇಕಿತ್ತು. ಕಳೆದ ನವೆಂಬರ್‌ನಲ್ಲಿ ಅಲ್ಲಿನ ಕಾಲೇಜು ಕ್ರೀಡೆ ನೋಡಿಕೊಳ್ಳುವ ಎನ್‌ಸಿಎಎ ಆ ನಿಯಮ ಬದಲಿಸಿತು, ಈ ಆಗಸ್ಟ್ 1ರಿಂದ ಜಾರಿ. ಮೇಜರ್ ಜೂನಿಯರ್‌ನಲ್ಲಿ ಆಡುತ್ತಿದ್ದ ಗ್ಯಾವಿನ್ ಮೆಕೆನ್ನಾ ಪೆನ್ ಸ್ಟೇಟ್ ಯೂನಿವರ್ಸಿಟಿಗೆ ಹೋಗುತ್ತೇನೆ ಅಂದದ್ದು ಇದರಿಂದಲೇ. ಎರಡು ದಾರಿಯೂ ಈಗ ತೆರೆದಿವೆ. ಓದು ಕೈಬಿಡದೆ ಆಡಬಹುದು ಅನ್ನುವುದು ನಮ್ಮಂಥ ಮನೆಗಳಿಗೆ ಎಷ್ಟು ದೊಡ್ಡ ಸಮಾಧಾನ!

ಹೊಸ_ಪ್ರೇಕ್ಷಕ_ಬೆಂಗಳೂರು · ಜುಲೈ 22

ಮೇಡಂ, ತುಂಬ ಚೆನ್ನಾಗಿ ಬರೆದಿರಿ. ಒಂದು ಸಂದೇಹ. ಈ ವರ್ಷ ವ್ಯಾಂಕೂವರ್ ಮೊದಲ ಸುತ್ತಿನಲ್ಲಿ ಆರಿಸಿದ ಬ್ರೇಡನ್ ಕೂಟ್ಸ್ ಅಬಟ್ಸ್‌ಫರ್ಡ್‌ಗೆ ಬರುತ್ತಾನಾ?

ಬರ್ನಬಿ_ತಾಯಿ · ಜುಲೈ 22

ಬರುವ ಹಾಗಿಲ್ಲ. ಕೂಟ್ಸ್ ಸಿಯಾಟಲ್ ಥಂಡರ್‌ಬರ್ಡ್ಸ್ ನಾಯಕ, 18 ವರ್ಷ. ಮೇಜರ್ ಜೂನಿಯರ್‌ನಿಂದ ಡ್ರಾಫ್ಟ್ ಆದ ಹುಡುಗ 20 ಆಗುವ ತನಕ ಎಎಚ್‌ಎಲ್ ಆಡುವಂತಿಲ್ಲ. ಒಂದೋ ವ್ಯಾಂಕೂವರ್, ಇಲ್ಲವೋ ಮರಳಿ ಸಿಯಾಟಲ್. ಈ ತಿಂಗಳು ಎನ್‌ಎಚ್‌ಎಲ್ ಮತ್ತು ಆಟಗಾರರ ಸಂಘ ಒಪ್ಪಿಕೊಂಡ ಹೊಸ ಒಪ್ಪಂದದಲ್ಲಿ, ತಂಡಕ್ಕೆ ಒಬ್ಬ 19ರ ಹುಡುಗನನ್ನು ಎಎಚ್‌ಎಲ್‌ಗೆ ಕಳಿಸಲು ಅವಕಾಶ ಮಾಡುವ ಮಾತಿದೆ. ಆ ಒಪ್ಪಂದ ಶುರುವಾಗುವುದು 2026ರ ಸೆಪ್ಟೆಂಬರ್‌ನಲ್ಲಿ. ಕೂಟ್ಸ್‌ಗೆ ಆಗ 19.

ಯುಟಿಕಾ_ಹಳಬ · ಜುಲೈ 23

ನಾನು ನ್ಯೂಯಾರ್ಕ್ ರಾಜ್ಯದ ಮೇಲ್ಭಾಗದಲ್ಲಿ ಇದ್ದೇನೆ. 2013ರಿಂದ 2021ರ ತನಕ ವ್ಯಾಂಕೂವರ್‌ನ ಎಎಚ್‌ಎಲ್ ತಂಡ ನಮ್ಮ ಯುಟಿಕಾ ಕಾಮೆಟ್ಸ್. ನಿಮ್ಮ ಹಿಂದಿನ ತಲೆಮಾರಿನ ಹುಡುಗರು ನಮ್ಮ ಊರಲ್ಲಿ ಬೆಳೆದರು.

ಆಗ ವ್ಯಾಂಕೂವರ್‌ನಲ್ಲಿ ಯಾರಿಗಾದರೂ ಗಾಯ ಆದರೆ ಇಲ್ಲಿಂದ ಹುಡುಗ ಖಂಡವನ್ನೇ ದಾಟಬೇಕಿತ್ತು. ಬೆಳಿಗ್ಗೆ ಕರೆ ಬಂದರೆ ಸಿರಕ್ಯೂಸ್‌ಗೆ ಹೋಗಿ ವಿಮಾನ ಹತ್ತಿ, ಮಧ್ಯೆ ಇನ್ನೊಂದು ವಿಮಾನ ಬದಲಿಸಿ, ಮೂರು ಗಂಟೆಯ ಕಾಲವ್ಯತ್ಯಾಸ ಹೊತ್ತು ಇಳಿಯುತ್ತಿದ್ದ. ಕಾಲು ಭಾರ, ಕಣ್ಣು ಕೆಂಪು. ಅಂಥವನನ್ನು ಆ ರಾತ್ರಿಯೇ ಆಡಿಸಿ "ಇವನು ಎನ್‌ಎಚ್‌ಎಲ್‌ಗೆ ಲಾಯಕ್ಕಾ" ಅಂತ ಅಳೆಯುತ್ತಿದ್ದರು. ಈಗ ಅಬಟ್ಸ್‌ಫರ್ಡ್‌ನಿಂದ ಹೈವೇ 1ರಲ್ಲಿ ಸುಮಾರು 70 ಕಿಲೋಮೀಟರ್. ಹುಡುಗ ತನ್ನ ಕಾರಲ್ಲೇ ಬ್ಯಾಗ್ ಹಾಕಿಕೊಂಡು ಹೋಗುತ್ತಾನೆ, ಸಂಜೆ ಆಡುತ್ತಾನೆ. ಬೈನ್ಸ್, ಸ್ಯಾಸನ್ ಇವರಿಗೆಲ್ಲ ಇಷ್ಟು ಸಲ ಅವಕಾಶ ಸಿಕ್ಕಿದ್ದರಲ್ಲಿ ಈ ರಸ್ತೆಯ ಪಾಲು ದೊಡ್ಡದು ಅಂತ ನಾನು ನಂಬಿದ್ದೇನೆ.

ತಂಡ ಚದುರುವ ನೋವು ನಮಗೂ ಗೊತ್ತು. 2015ರಲ್ಲಿ ನಾವು ಫೈನಲ್ ತಲುಪಿದೆವು, ಗೋಲಿ ಜೇಕಬ್ ಮಾರ್ಕ್‌ಸ್ಟ್ರಮ್. ಮ್ಯಾಂಚೆಸ್ಟರ್ ಮೊನಾರ್ಕ್ಸ್ ಎದುರು ಸೋತೆವು. ಆ ಮ್ಯಾಂಚೆಸ್ಟರ್‌ಗೆ ಏನಾಯಿತು ಗೊತ್ತಾ? ಕಪ್ ಗೆದ್ದ ಅದೇ ಬೇಸಿಗೆಯಲ್ಲಿ ಎಎಚ್‌ಎಲ್ ತಂಡವನ್ನೇ ಎತ್ತಿ ಕ್ಯಾಲಿಫೋರ್ನಿಯಾದ ಒಂಟಾರಿಯೊಗೆ ಒಯ್ದರು. ಊರಿಗೆ ಅದೇ ಹೆಸರಿನ ಇಸಿಎಚ್‌ಎಲ್ ತಂಡ ಕೊಟ್ಟರು, ಅದೂ 2019ರಲ್ಲಿ ಮುಚ್ಚಿತು. ಬ್ಯಾನರ್ ಏರಿಸಿದ ಜನರಿಗೆ ನೋಡಲು ತಂಡವೇ ಇಲ್ಲ. ನಿಮ್ಮಲ್ಲಿ ಗೋಲಿ ಹೋದ, ನಾಲ್ಕು ಜನ ಫಾರ್ವರ್ಡ್ ಹೋಗಬಹುದು. ತಂಡ ಊರಲ್ಲೇ ಇದೆ. ಸೀಟು ತುಂಬಿಸಿ, ಅದನ್ನು ಕಾಪಾಡಿಕೊಳ್ಳಿ.

ಗೋಲ್‌ಪೆಟ್ಟಿಗೆ · ಜುಲೈ 23

ಹಳಬ ಸರ್, ಮ್ಯಾಂಚೆಸ್ಟರ್ ಕಥೆ ಓದಿ ಮನಸ್ಸಿಗೆ ತಟ್ಟಿತು. ಅಬಟ್ಸ್‌ಫರ್ಡ್‌ಗೂ ಇದರ ಅನುಭವ ಇದೆ. 2009ರಿಂದ 2014ರ ತನಕ ಇಲ್ಲಿ ಕ್ಯಾಲ್ಗರಿಯ ತಂಡ ಅಬಟ್ಸ್‌ಫರ್ಡ್ ಹೀಟ್ ಇತ್ತು. ವ್ಯಾಂಕೂವರ್ ಅಭಿಮಾನಿಗಳ ನಡುವೆ ಕ್ಯಾಲ್ಗರಿ ಹುಡುಗರು! ಜನ ಬರಲೇ ಇಲ್ಲ, ತಂಡ ಹೋಯಿತು. ಏಳು ವರ್ಷ ಊರಲ್ಲಿ ಎಎಚ್‌ಎಲ್ ಇರಲಿಲ್ಲ.

ನೀಲಿಗೆರೆ · ಜುಲೈ 24

ಡಿಫೆನ್ಸ್ ಬಗ್ಗೆ ಯಾರೂ ಹೇಳಿಲ್ಲ, ನನಗೆ ಅತಿ ಆಸಕ್ತಿ ಇರುವುದು ಅಲ್ಲೇ.

ಟಾಮ್ ವಿಲಾಂಡರ್ ಬಂದಿದ್ದಾನೆ. 2023ರಲ್ಲಿ 11ನೇ ಪಿಕ್, ಬಲಗೈ ಆಟಗಾರ, ಬಾಸ್ಟನ್ ಯೂನಿವರ್ಸಿಟಿಯಲ್ಲಿ ಎರಡು ವರ್ಷ. ಈ ಏಪ್ರಿಲ್‌ನಲ್ಲಿ ಕಾಲೇಜು ಫೈನಲ್‌ನಲ್ಲಿ ವೆಸ್ಟರ್ನ್ ಮಿಶಿಗನ್ ಎದುರು ಸೋತ ತಂಡದಲ್ಲಿದ್ದ. ಇವನನ್ನು ನೇರವಾಗಿ ವ್ಯಾಂಕೂವರ್‌ನಲ್ಲಿ ಕೂರಿಸಬೇಡಿ ಅಂತ ನನ್ನ ವಿನಂತಿ. ಎನ್‌ಎಚ್‌ಎಲ್‌ನಲ್ಲಿ ಏಳನೆಯವನಾಗಿ ಸೂಟು ಹಾಕಿಕೊಂಡು ಮೇಲಿನ ಗ್ಯಾಲರಿಯಲ್ಲಿ ಪಂದ್ಯ ನೋಡಿದರೆ ಏನು ಕಲಿಯುತ್ತಾನೆ? ಅಬಟ್ಸ್‌ಫರ್ಡ್‌ನಲ್ಲಿ ರಾತ್ರಿಗೆ 22 ನಿಮಿಷ ಆಡಲಿ, ತಪ್ಪು ಮಾಡಲಿ, ಮರುದಿನ ವಿಡಿಯೊ ನೋಡಲಿ.

ವಿಕ್ಟರ್ ಮನ್ಸಿನಿ ಜನವರಿ ಕೊನೆಗೆ ಜೆ.ಟಿ. ಮಿಲ್ಲರ್ ಟ್ರೇಡ್‌ನಲ್ಲಿ ನ್ಯೂಯಾರ್ಕ್‌ನಿಂದ ಬಂದವನು. ಎತ್ತರ, ವೇಗ, ಎರಡೂ ಇದೆ. ಕಿರಿಲ್ ಕುದ್ರಿಯಾವ್‌ತ್ಸೆವ್ 2022ರ ಏಳನೇ ಸುತ್ತಿನವನು, 208ನೇ ಪಿಕ್. ಅಲ್ಲಿ ಸಿಗುವ ಹುಡುಗರು ಸಾಮಾನ್ಯವಾಗಿ ಎಎಚ್‌ಎಲ್ ತನಕವೂ ಬರುವುದಿಲ್ಲ, ಇವನು ಕಪ್ ಗೆದ್ದ ತಂಡದಲ್ಲಿ ನೆಚ್ಚಿನವನಾದ. ಅವನ ಮೊದಲ ಪಾಸ್ ಗಮನಿಸಿ. ಎದುರಾಳಿ ಬಂದು ಎರಗುವ ತನಕ ಪಕ್ ಬಿಡುವುದೇ ಇಲ್ಲ, ಎರಗಿದ ಕ್ಷಣ ಅವನು ಬಿಟ್ಟ ಜಾಗಕ್ಕೇ ಪಾಸ್. ಇವನ ಬಗ್ಗೆ ಇನ್ನೂ ಜಾಸ್ತಿ ಬರೆಯಬೇಕು, ಬೇರೆ ದಿನ.

ಇವರ ಜೊತೆ ಸಾಯರ್ ಮಿನಿಯೊ ಈ ಸಲ ಜೂನಿಯರ್ ಮುಗಿಸಿ ಬರುತ್ತಾನೆ. ಮಿನಿಯೊ ಪಕ್ಕ ಶುಲ್ಟ್‌ನಂಥ ಅನುಭವಸ್ಥನನ್ನು ಹಾಕಿದರೆ ಫ್ರೇಸರ್ ಅಣ್ಣ ಹೇಳಿದ ಮಾತು ಸರಿಯಾಗಿ ಕೂರುತ್ತದೆ.

ಫ್ರೇಸರ್_ತೀರ · ಜುಲೈ 24

ಅದೇ ನನ್ನ ಮಾತು. ಡಿಫೆನ್ಸ್‌ನಲ್ಲಿ ಆ ಜೋಡಿ ಸಿಕ್ಕಿದೆ. ಫಾರ್ವರ್ಡ್‌ನಲ್ಲಿ ಕ್ಲಿಮೊವಿಚ್ ಪಕ್ಕ ಯಾರು? ಟೈ ಮುಲ್ಲರ್ ಪಕ್ಕ ಯಾರು? ಕಳೆದ ವರ್ಷ ಆ ಹುಡುಗರು ತಪ್ಪಿದಾಗ ಮುಚ್ಚಿಕೊಳ್ಳುವ ಹಿರಿಯರಿದ್ದರು. ಕಾರ್ಲ್‌ಸನ್, ಬೈನ್ಸ್, ರಾಟಿ ಮೇಲೆ ಹೋಗಲಿ, ಅದಕ್ಕೇ ಇಷ್ಟು ವರ್ಷ ಕಷ್ಟಪಟ್ಟದ್ದು. ಆದರೆ ಆ ಮೂವರು ಹೋದ ದಿನ ಕೆಳಗೆ ಮೊದಲ ಸಾಲೇ ಇರುವುದಿಲ್ಲ. ನಾಯಕ ಚೇಸ್ ವೌಟರ್ಸ್ ಒಬ್ಬನೇ ಎಷ್ಟು ಹೊರುತ್ತಾನೆ? ಅಕ್ಟೋಬರ್‌ನಲ್ಲಿ ಗಾಯದ ಪಟ್ಟಿ ಉದ್ದವಾದರೆ ಮೇಲಿನ ತಂಡ ಇನ್ನೂ ಇಬ್ಬರನ್ನು ಎಳೆದುಕೊಳ್ಳುತ್ತದೆ. ಆಗ 72 ಪಂದ್ಯದ ಸೀಸನ್ ತುಂಬ ಉದ್ದ ಅನಿಸುತ್ತದೆ.

ಹಾಗಾಗಿ ಆಗಸ್ಟ್‌ನಲ್ಲಿ ಕಾಂಟ್ರ್ಯಾಕ್ಟ್ ಸಿಗದೆ ಉಳಿದಿರುವ ಹಿರಿಯ ವಿಂಗರ್‌ಗಳ ಪಟ್ಟಿ ಹಾಕೋಣ. ವರ್ಷಕ್ಕೆ ಇಪ್ಪತ್ತು ಗೋಲು ಹೊಡೆಯುವ, ಕಾಲ್ಡರ್ ಪ್ಲೇಆಫ್ ಆಡಿದ ಅನುಭವ ಇರುವ ಒಬ್ಬ ಸಾಕು.

ಪೆನ್ಸಿಲ್ವೇನಿಯಾ_ಗೌಡ · ಜುಲೈ 25

ಪಟ್ಟಿ ಮಾಡಲು ನಾನೂ ಸೇರುತ್ತೇನೆ. ಪೂರ್ವದ ತಂಡಗಳನ್ನು ನಾನು ಜಾಸ್ತಿ ನೋಡುತ್ತೇನೆ, ಹರ್ಷಿ, ವಿಲ್ಕ್ಸ್-ಬ್ಯಾರಿ, ಶಾರ್ಲೆಟ್ ಕಡೆಯಿಂದ ಉಳಿದವರನ್ನು ನನಗೆ ಬಿಡಿ. ಅಂದ ಹಾಗೆ ಹರ್ಷಿಯ ಕೋಚ್ ಟಾಡ್ ನೆಲ್ಸನ್ ಈ ಬೇಸಿಗೆ ನಮ್ಮ ಪಿಟ್ಸ್‌ಬರ್ಗ್‌ಗೆ ಸಹಾಯಕ ಕೋಚ್ ಆಗಿ ಬಂದಿದ್ದಾರೆ. ಎರಡು ಕಪ್ ಗೆದ್ದ ತಂಡದಿಂದಲೂ ಮೇಲಿನವರು ಎತ್ತಿಕೊಂಡೇ ಹೋಗುತ್ತಾರೆ.

ನೀಲಿಗೆರೆ · ಜುಲೈ 25

ಪಶ್ಚಿಮ ನನಗೆ. ಪ್ರತಿ ಹೆಸರಿನ ಮುಂದೆ ಎಷ್ಟು ವೃತ್ತಿಪರ ಪಂದ್ಯ ಆಡಿದ್ದಾನೆ ಅಂತ ಹಾಕಿ. 260 ದಾಟಿದವನಾ, 320 ದಾಟಿದವನಾ ಅನ್ನುವುದು ತಿಳಿಯದಿದ್ದರೆ ಐದು ಜಾಗದ ಲೆಕ್ಕ ಹಾಕಲು ಆಗುವುದಿಲ್ಲ. ಈಗಿರುವ ಲಬೇಟ್, ಮೆಕೆಕ್ರನ್ ಇಬ್ಬರನ್ನೂ ಆ ಐದರಲ್ಲೇ ಎಣಿಸಿ.